ಹರಕೆಯಿಲ್ಲದ ನಡಿಗೆ

ಬೆಳಗಿನ ಐದೂ ಹತ್ತು. ಹೊಸಪೇಟೆಯ ಚಿತ್ತವಾಡ್ಗಿಯ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಕಿರಾಣಿ ಅಂಗಡಿಯ ಮಗ್ಗುಲಿನ ಹಸಿರು ಬಾಗಿಲ ಮುಂದೆ ಬಂದು ನಿಂತ ಉಚ್ಚೆಂಗಮ್ಮ ಮೆಲ್ಲಗೆ ಎರಡು ಸಲ ಕದ ಬಡಿಯುತ್ತಾರೆ. ಮೂರನೆಯ ಸಲ ಬಡಿಯುವ ಅಭ್ಯಾಸ ಅವರಿಗಿಲ್ಲ. ಮೈಮೇಲೆ ಮೊಣಕೈ ಹರಿದ ಸ್ವೆಟರ್, ಸೀರೆಯ ನೆರಿಗೆಯ ಕೆಳಗೆ ಒಂದು ಕಾಲಕ್ಕೆ ಮಗಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಕ್ಯಾನ್ವಾಸ್ ಬೂಟು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು, "ಶೈಲಮ್ಮ, ನಾನು ಬಂದೀನವ್ವ. ಐದು ನಿಮಿಷ ಕುಂತಿರ್ತೀನಿ. ಬರಂಗಿದ್ರ ಬಾ, ಇಲ್ಲಾಂದ್ರ ಮಕ್ಕೋ. ನನಗ ಬ್ಯಾಸರ ಇಲ್ಲ," ಎಂದು ಮುಚ್ಚಿದ ಬಾಗಿಲಿಗೆ ಹೇಳುತ್ತಾರೆ.

ಒಳಗೆ ಯಾರೋ ಕೆಮ್ಮುತ್ತಾರೆ. ಬಚ್ಚಲಲ್ಲಿ ಕೊಡ ತುಂಬುವ ಸದ್ದು. ಮನೆಯವರು ಎದ್ದಿದ್ದಾರೆ ಎಂದು ಉಚ್ಚೆಂಗಮ್ಮನವರಿಗೆ ಗೊತ್ತು. ಇವರು ಹೊರಗೆ ಕೂತಿದ್ದಾರೆ ಎಂದು ಮನೆಯವರಿಗೂ ಗೊತ್ತು. ಕಾಲುವೆಗೆ ನೀರು ಜಾಸ್ತಿ ಬಿಟ್ಟಿರುವುದು, ಮೂಲೆಮನೆಯ ನಾಯಿ ಐದು ಮರಿ ಹಾಕಿರುವುದು, ನಲ್ಲಿಯಲ್ಲಿ ಎರಡು ದಿನದಿಂದ ಕೆಂಪು ನೀರು ಬರುತ್ತಿರುವುದು, ಹೀಗೆ ಓಣಿಯ ಸುದ್ದಿ ಒಂದಿಷ್ಟು ಹೇಳಿ ಎದ್ದು ಸೆರಗು ಕೊಡವಿಕೊಳ್ಳುತ್ತಾರೆ. "ಇವತ್ತಿಗೆ ಇಪ್ಪತ್ಮೂರು ದಿನ ಆತು. ಬಾಗಿಲು ತಗದಿಲ್ಲ. ಆದ್ರ ಹೋಗು ಅಂತಾನೂ ಅಂದಿಲ್ಲ ನೋಡ್ರಿ," ಎಂದು, ಕೇಳಿದವರಿಗೆ ಹೇಳಿ ನಡೆದುಬಿಡುತ್ತಾರೆ.

ಒಳಗಿರುವ ಶೈಲಜಾಗೆ ಇಪ್ಪತ್ತೊಂಬತ್ತು ವರ್ಷ. ಆಕೆಗೆ ಖಿನ್ನತೆ. ಮೂರು ತಿಂಗಳ ಹಿಂದೆ ಇದೇ ಹೊತ್ತಿಗೆ ಇದೇ ಓಣಿಯಲ್ಲಿ ಉಚ್ಚೆಂಗಮ್ಮನವರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದ ಹೆಣ್ಣುಮಗಳು ಈಗ ಮಂಚ ಬಿಟ್ಟು ಏಳುತ್ತಿಲ್ಲ. ಅದಕ್ಕೆ ಕಾರಣ ಯಾರು ಎಂದು ಕೇಳಿದರೆ ಉಚ್ಚೆಂಗಮ್ಮ ಸುತ್ತಿ ಬಳಸಿ ಮಾತಾಡುವುದಿಲ್ಲ. "ನಾನ. ನನ್ನ ಸುಳ್ಳಿನಿಂದ ಆಕಿ ಮಲಗ್ಯಾಳ. ಆಕಿ ಎದ್ದು ಬರೋ ತನಕ ನನ್ನ ಜೀವಕ್ಕ ಸಮಾಧಾನ ಇಲ್ಲ." ಈ ಮಾತು ಹೇಳುವಾಗ ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ನೀರಿನ ಟ್ಯಾಂಕಿನ ಹತ್ತಿರ ಒಂಬತ್ತು ಜನ ಕಾಯುತ್ತಿದ್ದಾರೆ. ಎಲ್ಲರೂ ಹೆಂಗಸರು. ಭಾನುವಾರವಾದರೆ ಕುರೆಕುಪ್ಪದಿಂದ ಮೌನೇಶ್ ಎಂಬ ಕಾರ್ಖಾನೆ ಕೆಲಸಗಾರ ಬೈಕಿನಲ್ಲಿ ಬಂದು ಸೇರಿಕೊಳ್ಳುತ್ತಾನೆ. ಶಿಫ್ಟ್ ಮುಗಿಸಿ ಕೆಂಗಣ್ಣಿನಲ್ಲೇ ಬಂದರೂ ಅವನು ತಪ್ಪಿಸುವುದಿಲ್ಲ. ಇವರೆಲ್ಲ ಮನಸ್ಸಿನ ಕಾಯಿಲೆಗೆ ವೈದ್ಯರನ್ನು ಕಂಡವರು. ಗುಳಿಗೆಯ ಜತೆಗೆ ನಡಿಗೆಯನ್ನೂ ವೈದ್ಯರು ಬರೆದುಕೊಟ್ಟಿದ್ದಾರೆ. ಬರೆದುಕೊಟ್ಟ ಚೀಟಿ ಯಾರನ್ನೂ ಹಾಸಿಗೆಯಿಂದ ಎಬ್ಬಿಸಲಾರದಾದ್ದರಿಂದ ಆ ಕೆಲಸವನ್ನು ಉಚ್ಚೆಂಗಮ್ಮ ಮಾಡುತ್ತಾರೆ.

ಕಾಲುವೆಯ ಏರಿಯ ಮೇಲೆ ಸಾಲು ಹೊರಡುತ್ತದೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ತುಂಬಿ ಹರಿಯುವ ನೀರು. ಎಷ್ಟೇ ಜನ ಬಂದರೂ, ಯಾರೇ ಬಂದರೂ, ನೀರಿನ ಮಗ್ಗುಲಲ್ಲಿ ನಡೆಯುವವರು ಉಚ್ಚೆಂಗಮ್ಮನೇ. ಹೊಸಬರು ಬಂದ ದಿನ ಅವರನ್ನು ಕಬ್ಬಿನ ಕಡೆಗೆ ಹಾಕಿಕೊಂಡು ಅವರ ಭುಜಕ್ಕೆ ಭುಜ ತಾಗುವಂತೆ ಹೆಜ್ಜೆ ಹಾಕುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ, ಇವರೂ ವಿವರಿಸುವುದಿಲ್ಲ. ಕಾಲುವೆ ಬಂದ್ ಆಗಿ ತಳ ಕಾಣುವ ತಿಂಗಳುಗಳಲ್ಲೂ ಜಾಗ ಬದಲಾಗುವುದಿಲ್ಲ.

ನಡಿಗೆಯ ಲೆಕ್ಕಾಚಾರ ಸರಳ. ಹೋಗಿ ಬರಲು ನಲವತ್ತು ನಿಮಿಷ, ವಾರಕ್ಕೆ ಕಡಿಮೆಯೆಂದರೂ ಐದು ದಿನ. ನಡುವೆ ತೂಬಿನ ಕಟ್ಟೆಯ ಮೇಲೆ ಹತ್ತು ಸಲ ಕೂತು ಏಳುವುದು, ಗೋಡೆಗೆ ಕೈ ಊರಿ ದಂಡ ಹೊಡೆದ ಹಾಗೆ ಹತ್ತು ಸಲ ಮೈ ಹಿಂದಕ್ಕೆ ತಳ್ಳುವುದು. ಸೋಮವಾರ ಮಾತ್ರ ಜಂಬುನಾಥನ ಗುಡ್ಡದ ಮೆಟ್ಟಿಲು. ವೇಗ ಎಷ್ಟಿರಬೇಕು ಎಂದರೆ ಅವರ ಹತ್ತಿರ ಗಡಿಯಾರಕ್ಕಿಂತ ಒಳ್ಳೆಯ ಅಳತೆಯಿದೆ. "ಮಾತಾಡಾಕ ಬರಬೇಕು, ಹಾಡು ಹೇಳಾಕ ಬರಬಾರದು. ಹಾಡು ಬಂತಂದ್ರ ನೀವು ನಡೆಯಾಕ ಹತ್ತಿಲ್ಲ, ತಿರಗಾಡಾಕ ಹತ್ತೀರಿ ಅಂತ ಅರ್ಥ. ಮಾತೂ ನಿಂತ್ರ ಭಾಳ ಆತು, ಸಾವಕಾಶ ಮಾಡ್ರಿ." ಇದನ್ನು ಕಲಿಸಿದವರು ಡಾಕ್ಟರಮ್ಮ ಎಂದು ಸೇರಿಸಲು ಮರೆಯುವುದಿಲ್ಲ. ಅವರು ಹೇಳದ ಮಾತೊಂದನ್ನೂ ನಾನು ಹೇಳುವುದಿಲ್ಲ ಎಂಬುದು ಈಗ ಅವರ ನಿಯಮ. ಈ ನಿಯಮಕ್ಕೆ ಅವರು ಭಾರಿ ಬೆಲೆ ತೆತ್ತಿದ್ದಾರೆ.

ಉಚ್ಚೆಂಗಮ್ಮನವರಿಗೆ ಈಗ ಐವತ್ತೆರಡು. ಹುಟ್ಟಿದ್ದು ಸಂಡೂರಿನ ಹತ್ತಿರದ ಹಳ್ಳಿಯಲ್ಲಿ. ಮೈನೆರೆಯುವ ಮೊದಲೇ ಕೈಗೆ ಸುತ್ತಿಗೆ ಬಂತು, ಅದಿರಿನ ಕಲ್ಲು ಕುಟ್ಟುವ ಕೆಲಸ. ಕೂದಲಿನಿಂದ ಕಾಲುಗುರಿನವರೆಗೆ ಕೆಂಪು ಧೂಳು ಮೆತ್ತಿಕೊಂಡ ಹೆಣ್ಣನ್ನು ಜಡೆಪ್ಪ ಮೆಚ್ಚಿ ಮದುವೆಯಾದರು. "ನೋಡಾಕ ಹೋದಾಗ ಈಕಿ ಬಣ್ಣ ಯಾವುದು ಅಂತ ತಿಳೀಲಿಲ್ಲ. ಜಳಕ ಮಾಡಿ ಬಂದ ಮ್ಯಾಲ ಬ್ಯಾರೆ ಹುಡಿಗಿ ತಂದ್ರೇನೋ ಅಂತ ಅನುಮಾನ ಬಂತು," ಎಂದು ಅವರು ಈಗಲೂ ಕಾಡಿಸುತ್ತಾರೆ. ಗಣಿ ಕೆಲಸ ನಿಂತ ಮೇಲೆ ಇಬ್ಬರೂ ಹೊಸಪೇಟೆಗೆ ಬಂದರು. ಜಡೆಪ್ಪ ಹಮಾಲಿ ಮಾಡಿದರು. ಉಚ್ಚೆಂಗಮ್ಮ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲೆ ಕಸ ಹೊಡೆಯುವ ಕೆಲಸಕ್ಕೆ ಸೇರಿದರು. ಇಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು. ಅಳಿಯಂದಿರು ಒಳ್ಳೆಯವರು.

ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಉಚ್ಚೆಂಗಮ್ಮ ಮಲಗಿಬಿಟ್ಟರು. ಎಂಟು ವರ್ಷದ ಹಿಂದಿನ ಮಾತು. "ಎಲ್ಲಾರೂ ಕಾರಣ ಕೇಳತಿದ್ರು. ಗಂಡ ಹೊಡಿತಾನೇನು, ಮಕ್ಕಳು ನೋಡಂಗಿಲ್ಲೇನು ಅಂತ. ಕಾರಣ ಇದ್ರ ಹೇಳತಿದ್ದೆ. ಇರಲಿಲ್ಲ. ಬಾಯಾಗ ತುತ್ತು ಇಟ್ಕೊಂಡು ಅಗಿಯೋದು ಮರ್ತು ಕುಂದರ್ತಿದ್ದೆ. ಹಗಲೊತ್ತೂ ಮನಿಯಾಗ ಕತ್ತಲಿ ಐತಿ ಅನ್ನಿಸೋದು." ತಾಯತ ಕಟ್ಟಿದ್ದಾಯಿತು, ನಿಂಬೆಹಣ್ಣು ನಿವಾಳಿಸಿದ್ದಾಯಿತು. ಕಡೆಗೆ ತಾವು ಕಸ ಹೊಡೆಯುತ್ತಿದ್ದ ಆಸ್ಪತ್ರೆಯಲ್ಲೇ, ತಾವೇ ಒರೆಸುತ್ತಿದ್ದ ಬೆಂಚಿನ ಮೇಲೆ, ವಾರಕ್ಕೆರಡು ದಿನ ಬರುವ ಮನೋವೈದ್ಯೆ ಪೂಜಿತಾ ಅವರ ಎದುರು ಕೂತರು.

ವೈದ್ಯರು ಗುಳಿಗೆ ಬರೆದು, ದಿನಾ ನಡೆಯಬೇಕು ಎಂದಾಗ ಉಚ್ಚೆಂಗಮ್ಮನವರಿಗೆ ಆ ಸ್ಥಿತಿಯಲ್ಲೂ ಸಿಟ್ಟು ಬಂತಂತೆ. ಬೆಳಗಿನಿಂದ ಸಂಜೆಯವರೆಗೆ ಮೂರು ಮಾಳಿಗೆ ಗುಡಿಸುವವಳಿಗೆ ವ್ಯಾಯಾಮ ಹೇಳುವುದೆಂದರೇನು? ಈ ಪ್ರಶ್ನೆ ಇವತ್ತಿಗೂ ಬರುತ್ತದೆ. ಡಾ. ಪೂಜಿತಾ ಉತ್ತರಿಸುತ್ತಾರೆ: "ದುಡಿಯುವ ಮೈಗೂ ಖಿನ್ನತೆ ಬರುತ್ತೆ. ದುಡಿಮೆಯಲ್ಲಿ ಗಮನ ಎಲ್ಲ ಕೆಲಸದ ಮೇಲೆ, ಬೈಗುಳದ ಮೇಲೆ ಇರುತ್ತೆ. ಇದು ತನಗೋಸ್ಕರ ಅಂತ ತೆಗೆದಿಟ್ಟ ನಲವತ್ತು ನಿಮಿಷ, ಜತೆಗೊಬ್ಬರು ಇರಬೇಕು. ಖಿನ್ನತೆ ಹಗುರವಾಗಿದ್ದರೆ ಕೆಲವರಿಗೆ ಇಷ್ಟೇ ಸಾಕಾಗಬಹುದು. ಹೆಚ್ಚಿದ್ದರೆ ಗುಳಿಗೆಯ ಜತೆಗೆ ಇದೂ ಬೇಕು. ಯಾರಿಗೆ ಯಾವುದು ಅಂತ ತೀರ್ಮಾನ ಮಾಡೋದು ನನ್ನ ಕೆಲಸ, ನೆರೆಮನೆಯವರದಲ್ಲ."

ಉಚ್ಚೆಂಗಮ್ಮನವರನ್ನು ಮೊದಲ ದಿನ ಎಬ್ಬಿಸಿ ಕರೆದೊಯ್ದವರು ಜಡೆಪ್ಪ. ಓಣಿಯ ತುದಿಯವರೆಗೆ ಹೋಗಿ ಬಂದರು, ಅಷ್ಟೇ. ಮರುದಿನ ಮಸೀದಿಯವರೆಗೆ. ಕಾಲುವೆ ಮುಟ್ಟಲು ಹದಿನೇಳು ದಿನ ಹಿಡಿಯಿತು. ಎರಡನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಮಂಡಕ್ಕಿ ಒಗ್ಗರಣೆ ತಿನ್ನಬೇಕು ಎಂದು ಅವರಿಗೆ ತಾನಾಗಿಯೇ ಆಸೆಯಾಯಿತು. "ಆಸಿ ಆತು ಅಂತ ಹೇಳಿದ್ದಕ್ಕ ಈ ಮನಷ್ಯಾ ಅತ್ತಬಿಟ್ಟ," ಎಂದು ಗಂಡನತ್ತ ತೋರಿಸುತ್ತಾರೆ. ಚಹಾ ಸೋಸುತ್ತಿದ್ದ ಜಡೆಪ್ಪ, "ಹೊಗಿ ಹೊಕ್ಕಿತ್ತು ಕಣ್ಣಾಗ," ಎಂದು ತಪ್ಪಿಸಿಕೊಳ್ಳುತ್ತಾರೆ.

ತಮಗೆ ಆದದ್ದು ಇನ್ನೊಬ್ಬರಿಗೂ ಆಗಲಿ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕಂಡ ಹೆಂಗಸರನ್ನು ಕರೆಯತೊಡಗಿದರು. ಯಾರೂ ಬರಲಿಲ್ಲ. ಕೊಡವಿಲ್ಲದೆ, ಚೀಲವಿಲ್ಲದೆ, ಹೊಲಕ್ಕೂ ಹೋಗದೆ ಸಂತೆಗೂ ಹೋಗದೆ ಬೆಳಗಿನ ಜಾವ ಬರಿಗೈಯಲ್ಲಿ ನಡೆಯುವ ಸೊಸೆಯನ್ನು ನಮ್ಮ ಓಣಿಗಳು ಸುಮ್ಮನೆ ಬಿಡುವುದಿಲ್ಲ. ಹುಚ್ಚಿಗೆ ಮದ್ದೆಂದು ನಡೆಸುತ್ತಿದ್ದಾರೆ ಎಂದು ಗೊತ್ತಾದರಂತೂ ತಂಗಿಯ ಮದುವೆ ನಿಂತುಹೋಗುತ್ತದೆ. ಆದರೆ ಹರಕೆ ಹೊತ್ತ ಹೆಣ್ಣಿನ ಮಾತೇ ಬೇರೆ. ಆಕೆಯನ್ನು ಯಾರೂ ತಡೆಯುವುದಿಲ್ಲ, ಏನು ಬೇಡಿಕೊಂಡೆ ಎಂದು ಕೆದಕುವುದಿಲ್ಲ. ಅಷ್ಟು ದಿನ ಬೆಳಗಿನ ಅಂಗಳದ ಕೆಲಸವನ್ನು ಅತ್ತೆಯೇ ಮಾಡುತ್ತಾಳೆ. ಇದನ್ನು ಕಂಡುಕೊಂಡ ಉಚ್ಚೆಂಗಮ್ಮ ಒಂದು ಹರಕೆ ಹುಟ್ಟಿಸಿದರು. ಜಂಬುನಾಥನಿಗೆ ನಲವತ್ತೆಂಟು ದಿನದ ನಡಿಗೆ. ನಡಿಗೆಯ ಫಲ ಕಾಣಲು ಆರೆಂಟು ವಾರ ಬೇಕು ಎಂದು ವೈದ್ಯರು ಹೇಳಿದ್ದರು. ಅದನ್ನೇ ಒಂದು ಮಂಡಲಕ್ಕೆ ಹೊಂದಿಸಿದರು.

ಬಾಗಿಲುಗಳು ತೆರೆದವು. ಆರು ವರ್ಷದಲ್ಲಿ ಅರವತ್ಮೂರು ಜನ ಅವರ ಜತೆ ನಡೆದಿದ್ದಾರೆ. ದಿನಾ ನಾಲ್ಕೂ ಇಪ್ಪತ್ತಕ್ಕೆ ಏಳುವುದು, ಹತ್ತು ಹನ್ನೊಂದು ಬಾಗಿಲು ಬಡಿಯುವುದು, ಎಂಟಕ್ಕೆ ಆಸ್ಪತ್ರೆಯ ಪೊರಕೆ ಹಿಡಿಯುವುದು. ಇದಕ್ಕೆ ಸಂಬಳವಿಲ್ಲ, ಹುದ್ದೆಯಿಲ್ಲ. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ. ನಲವತ್ತೆಂಟು ದಿನ ಮುಗಿದವರಿಗೆ, "ದೇವರು ಇನ್ನೂ ಸ್ವಲ್ಪ ನಡಿ ಅಂತಾನ," ಎಂದು ಪುಸಲಾಯಿಸಿ ಮುಂದುವರಿಸುತ್ತಿದ್ದರು. ಅರ್ಧ ಜನ ಕೇಳುತ್ತಿದ್ದರು, ಅರ್ಧ ಜನ ಬಿಡುತ್ತಿದ್ದರು. ಬಿಟ್ಟವರು ಏನಾದರು ಎಂದು ತಾವು ಸರಿಯಾಗಿ ವಿಚಾರಿಸಲಿಲ್ಲ ಎಂಬ ಕೊರಗು ಈಗ ಅವರನ್ನು ಕಾಡುತ್ತದೆ.

ಶೈಲಜಾ ಕಂಪ್ಲಿ ಕಡೆಯ ಮೆಟ್ರಿಯ ಹುಡುಗಿ. ಕಿರಾಣಿ ಅಂಗಡಿಯ ಹಂಪೇಶ್ ಅವರ ಹೆಂಡತಿ. ಅತ್ತೆ ಎರ್ರಮ್ಮ ಶಿಸ್ತಿನ ಹೆಂಗಸು, ಅವರ ಮನೆಯಲ್ಲಿ ಕೆಲಸವೆಲ್ಲ ಹೊತ್ತಿಗೆ ಸರಿಯಾಗಿ ಆಗಬೇಕು. ಮಗು ಹುಟ್ಟಿ ವರ್ಷವಾದರೂ ಸೊಸೆ ಮಂಕಾಗಿಯೇ ಉಳಿದಾಗ ಆಸ್ಪತ್ರೆಗೆ ಕರೆತಂದವರು ಅವರೇ. ಹರಕೆ ಎಂದೊಡನೆ ಒಪ್ಪಿದರು. ನಲವತ್ತೆಂಟು ದಿನ ತಾವೇ ಅಂಗಳ ಗುಡಿಸಿದರು. ಶೈಲಜಾ ನಡೆದಳು, ಗುಳಿಗೆ ನುಂಗಿದಳು, ಮೂವತ್ತನೆಯ ದಿನದ ಹೊತ್ತಿಗೆ ಮಗುವಿಗೆ ತಾನೇ ಎಣ್ಣೆ ಹಚ್ಚಿ ಎರೆದಳು. ಹಾಡು ಹೇಳಲು ಬರುವಷ್ಟು ನಿಧಾನ ನಡೆದರೆ ಉಚ್ಚೆಂಗಮ್ಮನವರಿಗೇ ಬೈಯುತ್ತಿದ್ದಳು.

ನಲವತ್ತೊಂಬತ್ತನೆಯ ದಿನ ಎರ್ರಮ್ಮ ಹರಕೆ ಮುಗಿಸಿದರು. ಜಂಬುನಾಥನಿಗೆ ಹಣ್ಣುಕಾಯಿ, ಐವರು ಮುತ್ತೈದೆಯರಿಗೆ ಉಡಿ, ಓಣಿಗೆಲ್ಲ ಹೋಳಿಗೆ. ಉಚ್ಚೆಂಗಮ್ಮನವರಿಗೆ ಎಲೆ ತುಂಬ ಬಡಿಸಿದರು. ಅವರು ತುಪ್ಪ ಹಾಕಿಸಿಕೊಂಡು ಉಂಡು ಬಂದರು. ಮರುದಿನ ಬಾಗಿಲು ಬಡಿದಾಗ ಎರ್ರಮ್ಮ ನಕ್ಕು, "ಮುಗೀತಲ್ಲವ್ವ. ಮುಗಿಸಿದ ಹರಕಿ ಮತ್ತ ನಡದ್ರ ದೇವರು ಕೊಟ್ಟಿಲ್ಲ ಅಂದಂಗ ಆಕ್ಕೈತಿ," ಎಂದರು. ಅದೇ ಲೆಕ್ಕದಲ್ಲಿ ಗುಳಿಗೆಯ ಡಬ್ಬಿಯನ್ನೂ ಎತ್ತಿಟ್ಟರು. ದೇವರು ವಾಸಿ ಮಾಡಿದ ಮೇಲೂ ಗುಳಿಗೆ ನುಂಗಿದರೆ ಅದು ಅಪನಂಬಿಕೆ. ಎರ್ರಮ್ಮನವರ ನಡವಳಿಕೆಯಲ್ಲಿ ಒಂದಿಷ್ಟೂ ತಪ್ಪಿಲ್ಲ. ಹರಕೆಯ ಕಟ್ಟುಪಾಡು ಇರುವುದೇ ಹಾಗೆ. ತಪ್ಪಿದ್ದದ್ದು ಹರಕೆಯಲ್ಲಿ.

ಮೂರು ವಾರಕ್ಕೆ ಶೈಲಜಾ ಮತ್ತೆ ಮಲಗಿದಳು. ಮೊದಲಿಗಿಂತ ಕೆಟ್ಟದಾಗಿ. ಒಂದು ಮಧ್ಯಾಹ್ನ ಮಗುವನ್ನು ತೊಟ್ಟಿಲಲ್ಲಿ ಹಾಕಿ, ಯಾರಿಗೂ ಹೇಳದೆ, ಬರಿಗಾಲಲ್ಲಿ ಕಾಲುವೆಯ ಕಡೆ ಹೊರಟಳು. ಏರಿಯ ಮೇಲಿದ್ದ, ಹೊಲಗಳಿಗೆ ನೀರು ಬಿಡುವ ನೀರುಗಂಟಿ ವಿರುಪಾಕ್ಷಪ್ಪ ಆಕೆಯ ಗುರುತು ಹಿಡಿದರು. ದಿನಾ ಬೆಳಗ್ಗೆ ಸಾಲಿನಲ್ಲಿ ನೋಡಿದ ಮುಖ. "ಇವತ್ಯಾಕವ್ವ ಒಬ್ಬಾಕಿನ ಬಂದಿ? ಆ ಕಡಿ ಮಗ್ಗಲಾಗ ಯಾರೂ ಇಲ್ಲಲ್ಲ," ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ಹಿಡಿದು ಮನೆಗೆ ಕರೆತಂದರು. ಅದೇ ಸಂಜೆ ಹಂಪೇಶ್ ಹೆಂಡತಿಯನ್ನು ಡಾ. ಪೂಜಿತಾ ಅವರಲ್ಲಿಗೆ ಕರೆದೊಯ್ದರು. ಗುಳಿಗೆ ಮತ್ತೆ ಶುರುವಾಯಿತು.

ಸುದ್ದಿ ಕೇಳಿದ ಉಚ್ಚೆಂಗಮ್ಮ ಅಂದು ಊಟ ಬಿಟ್ಟರು. ಮಾರನೆಯ ದಿನ ಪೊರಕೆ ಮೂಲೆಗಿಟ್ಟು ವೈದ್ಯರ ಮುಂದೆ ನಿಂತು ಹರಕೆಯ ಕತೆಯನ್ನೆಲ್ಲ ಒಪ್ಪಿಕೊಂಡರು. ವೈದ್ಯರಿಗೆ ಅದುವರೆಗೆ ಹರಕೆಯ ವಿಷಯವೇ ಗೊತ್ತಿರಲಿಲ್ಲ. "ಬೈತಾರ ಅಂತ ನಿಂತಿದ್ದೆ. ಬೈದಿದ್ರ ಹಗುರ ಆಗತಿತ್ತು. ಅವರು, ನಂದೂ ತಪ್ಪೈತಿ ಉಚ್ಚೆಂಗಮ್ಮ, ಎಂಟು ವಾರಕ್ಕ ಗುಣ ಕಾಣತೈತಿ ಅಂದೆ, ಎಂಟು ವಾರದ ಮ್ಯಾಲ ಏನು ಅಂತ ನಿನಗ ಹೇಳಲಿಲ್ಲ ಅಂದ್ರು." ಅಲ್ಲಿಂದ ಸೀದಾ ಹಸಿರು ಬಾಗಿಲಿನ ಮನೆಗೆ ಹೋಗಿ ಎರ್ರಮ್ಮನವರಿಗೂ ಹೇಳಿದರು. ಹರಕೆ ಇರಲಿಲ್ಲ, ನಾನು ಹುಟ್ಟಿಸಿದ್ದು, ನಡಿಗೆ ಔಷಧದ ಹಾಗೆ, ನಿಲ್ಲಿಸಬಾರದಿತ್ತು. ಎರ್ರಮ್ಮ ಎಲ್ಲ ಕೇಳಿಸಿಕೊಂಡರು. "ದೇವರ ಹೆಸರಿಲೆ ಸುಳ್ಳು ಹೇಳಿದಿ. ನನ್ನ ಕೈಲೆ ಕಾಯಿ ಒಡಿಸಿದಿ," ಎಂದು ಇಷ್ಟೇ ಅಂದು ಬಾಗಿಲು ಹಾಕಿಕೊಂಡರು. ಮರುದಿನ ಬೆಳಗ್ಗೆಯಿಂದ ಉಚ್ಚೆಂಗಮ್ಮ ಆ ಕಟ್ಟೆಯ ಮೇಲೆ ಕೂರಲು ಶುರುಮಾಡಿದರು.

ಉಳಿದ ಹನ್ನೊಂದು ಮನೆಗಳಿಗೂ ಹೋಗಿ ನಿಜ ಹೇಳಿದರು. ಎರಡು ಮನೆಯವರು ಸೊಸೆಯರನ್ನು ಕಳಿಸುವುದು ನಿಲ್ಲಿಸಿದರು. ಒಬ್ಬರು ಓಣಿಯ ನಡುವೆಯೇ ಬಾಯಿಗೆ ಬಂದಂತೆ ಬೈದರು. ಹರಕೆಯ ನೆಪ ಮತ್ತೆ ಹೂಡಿದ್ದರೆ ಆ ಇಬ್ಬರೂ ಈಗ ನಡೆಯುತ್ತಿದ್ದರಲ್ಲ ಎಂಬ ಯೋಚನೆ ಅವರಿಗೆ ಬರುವುದಿಲ್ಲವೆಂದಲ್ಲ. ಬೆಳಿಗ್ಗೆ ಆ ಎರಡು ಬಾಗಿಲು ದಾಟಿ ಹೋಗುವಾಗ ದಿನಾ ಬರುತ್ತದೆ. "ಸುಳ್ಳು ಹೇಳಿ ಎಬ್ಬಿಸಬಹುದ್ರಿ. ಎದ್ದವರನ್ನ ಸುಳ್ಳಿನ ಮ್ಯಾಲ ಎಷ್ಟು ದಿನ ನಿಲ್ಲಸಾಕ ಆಕ್ಕೈತಿ?" ಎಂದು ಕೇಳುತ್ತಾರೆ.

ಆರು ತಿಂಗಳು ಬಿಡದೆ ನಡೆದವರನ್ನು ಉಚ್ಚೆಂಗಮ್ಮ ಒಂದು ಭಾನುವಾರ ಹಂಪಿಗೆ ಕರೆದೊಯ್ಯುತ್ತಾರೆ. ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೋಗಿ ಮಾತಂಗ ಬೆಟ್ಟದ ಬುಡದಿಂದ ಹೊಳೆಯ ದಂಡೆಗುಂಟ ನಡೆಯುತ್ತಾರೆ. ಅಲ್ಲಿ ನೀರಿನ ಬಾಟಲಿ ಹಿಡಿದು ಬೆವರು ಸುರಿಸುತ್ತ ಬೆಟ್ಟ ಹತ್ತುವ ಪರದೇಶದ ಹೆಂಗಸರನ್ನು ಕಂಡರೆ ಅವರಿಗೆ ನಗುವೂ ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. "ಚಡ್ಡಿ ಹಾಕ್ಕೊಂಡು ಮಸ್ತ್ ನಡಕೋತ ಹೊಂಟಿರ್ತಾರ. ಅವರನ್ನ ಯಾರರೆ ನಿಲ್ಲಿಸಿ, ಏನವ್ವ ನಿಂದು ಏನು ಹರಕಿ ಅಂತ ಕೇಳ್ಯಾರೇನು? ನಮ್ಮ ಮಂದಿಗೆ ಅಷ್ಟ ಸಿಕ್ರ ಸಾಕು. ನಾನು ಒಂದು ಬಾಗಲಾ ಬಡದು, ನಿಮ್ಮ ಸೊಸಿಗೆ ಮನಸು ಸರಿಯಿಲ್ಲ, ನಡಸಾಕ ಬಂದೀನಿ ಕಳಸ್ರಿ ಅಂತ ಖರೇ ಮಾತು ಹೇಳಬೇಕು, ಅವರು ಕಳಸಬೇಕು. ಸಾಯೋದ್ರೊಳಗ ಅಂಥದೊಂದು ದಿನ ನೋಡಬೇಕು." ಅವರ ಆಸೆ ಇಷ್ಟೇ. ಇದರಲ್ಲಿ ಪ್ರಶಸ್ತಿಯ ಮಾತಿಲ್ಲ, ಕೆಲಸ ಕಾಯಂ ಆಗಲಿ ಎಂಬ ಮಾತೂ ಇಲ್ಲ.

ಇಪ್ಪತ್ತಾರನೆಯ ದಿನ ಬೆಳಗ್ಗೆ ಚಳಿ ಜಾಸ್ತಿ. ಉಚ್ಚೆಂಗಮ್ಮ ಕದ ಬಡಿದು ಕಟ್ಟೆಯ ಮೇಲೆ ಕೂತು ನಾಯಿಮರಿಗಳ ಸುದ್ದಿ ಶುರುಮಾಡುವಷ್ಟರಲ್ಲಿ ಅಗಳಿ ಸರಿದ ಸದ್ದಾಗುತ್ತದೆ. ಬಾಗಿಲಲ್ಲಿ ಎರ್ರಮ್ಮ ನಿಂತಿದ್ದಾರೆ. ತಲೆಗೆ ಶಾಲು ಸುತ್ತಿಕೊಂಡು, ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಾರೆ. ಅವರ ಹಿಂದೆ ಬಾಗಿಲ ಚೌಕಟ್ಟು ಹಿಡಿದ ಶೈಲಜಾ, ಬಾಚದ ಕೂದಲು, ನೆಲದ ಮೇಲೆ ಕಣ್ಣು.

"ಎಷ್ಟು ದೂರ?" ಎಂದು ಎರ್ರಮ್ಮ ಗೋಡೆಯನ್ನು ಕೇಳುವಂತೆ ಕೇಳುತ್ತಾರೆ.

"ಇವತ್ತು ಓಣಿ ತುದಿ ತನಕ ಸಾಕ್ರಿ ಅಮ್ಮಾರ."

"ಎಷ್ಟು ದಿನ?"

ಉಚ್ಚೆಂಗಮ್ಮ ಕಟ್ಟೆಯಿಂದ ಏಳುತ್ತಾರೆ. "ಗೊತ್ತಿಲ್ರಿ. ಗುಳಿಗಿ ಎಂದು ಬಿಡಬೇಕು ಅಂಬೋದು ಡಾಕ್ಟರು ಹೇಳ್ತಾರ. ನಡಿಯೋದು ಮಾತ್ರ ಬಿಡಂಗಿಲ್ರಿ."

ಎರ್ರಮ್ಮ ಸೊಸೆಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಾರೆ. ಮೂವರೂ ನಡೆಯುತ್ತಾರೆ, ನಡುವೆ ಶೈಲಜಾ. ಹದಿನೈದು ಹೆಜ್ಜೆಗೊಮ್ಮೆ ಆಕೆ ನಿಲ್ಲುತ್ತಾಳೆ. ಇಬ್ಬರೂ ನಿಲ್ಲುತ್ತಾರೆ. ಓಣಿಯ ತುದಿಯಲ್ಲಿ ಹೂ ಮಾರುವ ಕರೆಮ್ಮ ಬುಟ್ಟಿ ಬಿಚ್ಚಿ ಕನಕಾಂಬರ ಕಟ್ಟುತ್ತ ಕೂತಿದ್ದಾಳೆ. ತಲೆಯೆತ್ತಿ ನೋಡಿದವಳೇ, "ಮತ್ತೇನ್ರಿ ಎರ್ರಮ್ಮಾರ, ಇನ್ನೊಂದು ಹರಕಿ ಹೊತ್ರೇನು? ಈ ಸಲ ಅತ್ತಿ ಸೊಸಿ ಕೂಡಿನ ಹೊಂಟೀರಿ," ಎನ್ನುತ್ತಾಳೆ.

ಉಚ್ಚೆಂಗಮ್ಮ ಹೌದೆಂದೂ ಅನ್ನುವುದಿಲ್ಲ, ಅಲ್ಲವೆಂದೂ ಅನ್ನುವುದಿಲ್ಲ. ಮಾನ ಹೋಗುವುದಿದ್ದರೆ ಅದು ಎರ್ರಮ್ಮನವರ ಮನೆತನದ್ದು, ಹೇಳುವ ಹಕ್ಕೂ ಅವರದ್ದು. ಎರ್ರಮ್ಮ ಶಾಲು ಸರಿಮಾಡಿಕೊಳ್ಳುತ್ತಾರೆ. ಸೊಸೆಯ ಕೈ ಬಿಡುವುದಿಲ್ಲ.

"ಹರಕಿ ಇಲ್ಲವ್ವ," ಎನ್ನುತ್ತಾರೆ, ಓಣಿಯ ಅರ್ಧಕ್ಕೆ ಕೇಳುವ ದನಿಯಲ್ಲಿ. "ನಮ್ಮ ಸೊಸಿಗೆ ಮನಸಿನ ಜಡ್ಡು ಐತಿ. ಗುಳಿಗಿ ನುಂಗತಾಳ, ನಡೀತಾಳ. ಗುಣ ಆಕ್ಕೈತಿ ಅಂತ ಡಾಕ್ಟರು ಹೇಳ್ಯಾರ. ನಾನು ಜತಿಗೆ ಹೊಂಟೀನಿ."

ಶೈಲಜಾ ಮೊದಲ ಸಲ ನೆಲ ಬಿಟ್ಟು ಅತ್ತೆಯ ಮುಖ ನೋಡುತ್ತಾಳೆ. ಕರೆಮ್ಮನ ಕೈಯಲ್ಲಿ ದಾರ ಹಾಗೆಯೇ ನಿಂತಿದೆ. ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು ಆಕೆ ದನಿ ತಗ್ಗಿಸುತ್ತಾಳೆ. "ನಮ್ಮ ತಂಗೀಗೂ ಹಿಂಗ ಆಗೇತ್ರಿ. ವರ್ಷ ಆತು. ಯಾರ ಮುಂದೂ ಹೇಳಿಲ್ಲ."

ಉಚ್ಚೆಂಗಮ್ಮ ಅವಳ ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳುತ್ತಾರೆ, "ಮನಿ ಎಲ್ಲಿ ಬರತೈತವ್ವ?"